ಮಾರಾಟಕ್ಕಿಟ್ಟ ಮನೆ ತಿಂಗಳಾದರೂ ಹೋಗುತ್ತಿಲ್ಲ, ಈ ಕಾಯುವ ಕಾಲವನ್ನು ಹೇಗೆ ಕಳೆಯುವುದು?

ಬೆಂಗಳೂರಿನ ಲೆಕ್ಕದಲ್ಲಿ ಹೇಳುತ್ತೇನೆ. ನೋಡಲು ಯಾರೂ ಬರುತ್ತಿಲ್ಲ ಅಂದರೆ ತೊಂದರೆ ಹೆಚ್ಚಾಗಿ ಬೆಲೆಯಲ್ಲಿರುತ್ತದೆ. ನೋಡಿ, ಮೆಚ್ಚಿ, ಆಮೇಲೆ ಮಾಯವಾಗುತ್ತಿದ್ದರೆ ಕಾಗದಪತ್ರದ ಮೇಲೆ ಅನುಮಾನ ಪಡಿ. ಈಗ ಇ-ಖಾತಾ (ಪಾಲಿಕೆ ಕೊಡುವ ಆಸ್ತಿಯ ಡಿಜಿಟಲ್ ದಾಖಲೆ) ಇಲ್ಲದೆ ನೋಂದಣಿ ಆಗುವುದಿಲ್ಲ. ಹಾಗಾಗಿ ಈ ಬಿಡುವಿನಲ್ಲೇ ಇ-ಖಾತಾ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ಹೊಸ ಇಸಿ (ಆಸ್ತಿಯ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪ್ರಮಾಣಪತ್ರ), ಆಸ್ತಿ ತೆರಿಗೆ ರಸೀದಿ ಎಲ್ಲ ಸೇರಿಸಿಡಿ. ಸಾಲ ತೀರಿದ್ದರೂ ಇಸಿಯಲ್ಲಿ ಅಡಮಾನ ಹಾಗೇ ಕಾಣುತ್ತಿದೆಯಾ? ಬ್ಯಾಂಕಿನ ಬೆನ್ನು ಹತ್ತಿ. ಇಂಥದ್ದೊಂದು ಉಳಿದರೆ ಕೊಳ್ಳುವವರ ಸಾಲವೂ ಅಲ್ಲೇ ನಿಲ್ಲುತ್ತದೆ.

ಆಷಾಢದಲ್ಲಿ ಫೋನ್ ಬರದಿದ್ದರೆ ಗಾಬರಿಯಾಗಿ ಸುಮ್ನೆ ಬೆಲೆ ಇಳಿಸಬೇಡಿ, ಶ್ರಾವಣ ಬರಲಿ. ಬ್ರೋಕರ್‌ಗೆ ವಾರಕ್ಕೊಮ್ಮೆ ಫೋನ್ ಮಾಡಿದರೆ ಸಾಕು. "ಇನ್ನೂ ಹೋಗಿಲ್ವಾ?" ಅನ್ನುವ ನೆಂಟರಿಗೆ ಉತ್ತರ ಕೊಡಲೇಬೇಕು ಅಂತೇನಿಲ್ಲ, ಅಲ್ವಾ?

ಖಾಲಿ ಮನೆಯನ್ನು 11 ತಿಂಗಳ ಕರಾರಿಗೆ ಬಾಡಿಗೆಗೆ ಕೊಡಬಹುದು. ಆದರೆ ನೋಡಲು ಬಂದವರಿಗೆಲ್ಲ ನಗುತ್ತಾ ಬಾಗಿಲು ತೆಗೆಯುವ ಬಾಡಿಗೆದಾರರು ಅಪರೂಪ.

ಬೇರೆ ಮನೆ ಆಗಲೇ ಕೊಂಡಿದ್ದರೆ ಮಾತ್ರ ಕ್ಯಾಲೆಂಡರ್ ನೋಡಿ. ಎರಡು ವರ್ಷಕ್ಕಿಂತ ಜಾಸ್ತಿ ನಿಮ್ಮ ಹೆಸರಲ್ಲಿದ್ದ ಮನೆಯ ಲಾಭಕ್ಕೆ ತೆರಿಗೆ ವಿನಾಯಿತಿ ಬೇಕಾದರೆ, ಹೊಸದನ್ನು ಕೊಂಡ 1 ವರ್ಷದೊಳಗೆ ಹಳೆಯದು ಮಾರಾಟವಾಗಬೇಕು. ಮಾರಿದ ಮೇಲೆ ಕೊಳ್ಳುವುದಾದರೆ 2 ವರ್ಷ ಸಿಗುತ್ತದೆ.