ನಿಮ್ಮ ಪ್ರಶ್ನೆಗೆ ಉತ್ತರ: ಜಾಕ್ ಲಂಡನ್‌ನ ಜಮಾ-ಖರ್ಚು

ಪ್ರಶ್ನೆ: ಮೇಡಂ, ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ವಯಸ್ಸು 27. ಕಥೆ ಬರೆಯುವ ಆಸೆ ಇದೆ. ಆದರೆ ಪಿಜಿ, ಆಫೀಸು, ಸಿಲ್ಕ್ ಬೋರ್ಡ್ ಟ್ರಾಫಿಕ್ಕು ಬಿಟ್ಟರೆ ಬರೆಯೋಕೆ ನನ್ನ ಹತ್ತಿರ ಏನೂ ಇಲ್ಲ. ಅಮೆರಿಕದ ಜಾಕ್ ಲಂಡನ್ ಸಮುದ್ರ, ಜೈಲು, ಚಿನ್ನದ ಬೇಟೆ ಎಲ್ಲ ಕಂಡು ಬಂದು ಬರೆದನಂತೆ. ನಾನೂ ರಾಜೀನಾಮೆ ಕೊಟ್ಟು ಒಂದೆರಡು ವರ್ಷ ಸುತ್ತಿ ಬರಲಾ?
— ಒಬ್ಬ ಓದುಗ, ಬಿಟಿಎಂ ಲೇಔಟ್

ಉತ್ತರ: ತಮ್ಮಾ, ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ರಿಟೈರ್ ಆದವಳು. ಯಾರ ಸಾಹಸದ ಕಥೆ ಕೇಳಿದರೂ ಮೊದಲು ದುಡ್ಡು ಎಲ್ಲಿಂದ ಬಂತು ಅಂತಲೇ ನೋಡುತ್ತೇನೆ. ಹಾಗೆ ನೋಡಿದರೆ ನಿಮ್ಮ ಹೀರೋನ ಕಥೆ ಸ್ವಲ್ಪ ಬೇರೆಯಾಗಿ ಕಾಣುತ್ತೆ.

ಅವನು ಹುಟ್ಟಿದ್ದು 1876ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಬಡತನ. ಹುಡುಗನಾಗಿದ್ದಾಗಲೇ ಓಕ್‌ಲ್ಯಾಂಡಿನ ಡಬ್ಬಿ ಆಹಾರದ ಕಾರ್ಖಾನೆಯಲ್ಲಿ ಗಂಟೆಗೆ 10 ಸೆಂಟಿಗೆ ದುಡಿದ. ಅದು ಸಾಕಾಗಿ, ತನ್ನನ್ನು ಎತ್ತಿ ಆಡಿಸಿದ ಜೆನ್ನಿ ಪ್ರೆಂಟಿಸ್ ಹತ್ತಿರ 300 ಡಾಲರ್ ಸಾಲ ತಗೊಂಡು ಒಂದು ಹಾಯಿದೋಣಿ ಕೊಂಡ. ಜೆನ್ನಿ ಒಂದು ಕಾಲದಲ್ಲಿ ಗುಲಾಮಳಾಗಿದ್ದ ಕಪ್ಪು ಹೆಂಗಸು. ಆ ದೋಣಿಯಲ್ಲಿ ರಾತ್ರಿ ಹೊತ್ತು, ಬೇರೆಯವರು ತಿನ್ನೋಕೆ ಅಂತ ಸಾಕಿದ ಸಿಂಪಿ ಕದಿಯೋದು ಅವನ ಉದ್ಯೋಗ. ಆಗ ವಯಸ್ಸು ಹದಿನೈದು! ಆಮೇಲೆ ಇಂಥ ಕಳ್ಳರನ್ನು ಹಿಡಿಯುವ ಗಸ್ತಿನ ಪಡೆಯನ್ನೇ ಸೇರಿಕೊಂಡ. ಇದೆಲ್ಲ ಸೊಗಸಾಗಿದೆ, ಒಪ್ಪಿದೆ.

1893ರಲ್ಲಿ ಸೀಲ್ ಬೇಟೆಯ ಹಡಗು ಹತ್ತಿ ಜಪಾನ್ ಕಡೆಗೆ ಹೋದ. ವಾಪಸ್ ಬಂದು ಅಲ್ಲಿ ಕಂಡ ಬಿರುಗಾಳಿಯ ಬಗ್ಗೆ ಬರೆದ. ಒಂದು ಪತ್ರಿಕೆ ಅದಕ್ಕೆ 25 ಡಾಲರ್ ಮೊದಲ ಬಹುಮಾನ ಕೊಟ್ಟಿತು. ಮುಂದಿನ ವರ್ಷ ರೈಲುಗಳಲ್ಲಿ ಕದ್ದು ಪ್ರಯಾಣ ಮಾಡುತ್ತಾ ದೇಶ ಸುತ್ತಿದ. ನಯಾಗರ ಹತ್ತಿರ ಅಲೆಮಾರಿ ಅಂತ ಹಿಡಿದು 30 ದಿನ ಜೈಲಿಗೆ ಹಾಕಿದರು. ಹೊರಗೆ ಬಂದವನು ಏನು ಮಾಡಿದ ಗೊತ್ತಾ? ಹೈಸ್ಕೂಲಿಗೆ ಸೇರಿದ. ಸುತ್ತಾಟದ ಬಗ್ಗೆ ಮಾತಾಡುವವರು ಈ ಭಾಗವನ್ನು ಯಾಕೋ ಬಿಟ್ಟೇ ಬಿಡುತ್ತಾರೆ.

ಈಗ ಚಿನ್ನಕ್ಕೆ ಬರೋಣ. 1897ರ ಬೇಸಿಗೆಯಲ್ಲಿ ಕೆನಡಾದ ಕ್ಲಾಂಡೈಕ್‌ಗೆ ಹೊರಟ. ಖರ್ಚಿಗೆ ಅವನ ಮಲ ಅಕ್ಕ ಎಲೈಜಾ ಮನೆ ಅಡವಿಟ್ಟಳು. ಜೊತೆಗೆ ಹೊರಟಿದ್ದ ವಯಸ್ಸಾದ ಭಾವ ಚಿಲ್ಕೂಟ್ ಅನ್ನೋ ಬೆಟ್ಟದ ದಾರಿಯ ಏರು ನೋಡಿಯೇ ಹಿಂದಿರುಗಿದ. ಇವನು ಗಂಟುಮೂಟೆ ಬೆನ್ನ ಮೇಲೆ ಹೊತ್ತು ಹತ್ತಿದ. ಒಂದು ಹೊರೆ ಮೇಲಿಟ್ಟು, ಕೆಳಗಿಳಿದು, ಇನ್ನೊಂದು ಹೊರೆ. ಚಳಿಗಾಲ ಪೂರ್ತಿ ಮರದ ಗುಡಿಸಲಲ್ಲಿ ಕಳೆದ. ಹಸಿ ತರಕಾರಿ ಇಲ್ಲದೆ ಸ್ಕರ್ವಿ ಬಂತು. ವಸಡು ಊದಿಕೊಂಡು ಹಲ್ಲು ಅಲ್ಲಾಡಿದವು. 1898ರಲ್ಲಿ ಯೂಕಾನ್ ನದಿಯಲ್ಲಿ ಸಣ್ಣ ದೋಣಿಯಲ್ಲಿ ಸಮುದ್ರದವರೆಗೂ ತೇಲಿ ಬಂದು ಮನೆ ಸೇರಿದ. ಕೈಯಲ್ಲಿದ್ದ ಚಿನ್ನದ ಪುಡಿಯ ಬೆಲೆ ಸುಮಾರು ನಾಲ್ಕೂವರೆ ಡಾಲರ್. ಅಡವಿಟ್ಟ ಮನೆಯ ಬಡ್ಡಿಗೂ ಸಾಲದು! ಅಷ್ಟರಲ್ಲಿ ಮಲತಂದೆ ತೀರಿಕೊಂಡಿದ್ದ. ಸಂಸಾರದ ಭಾರ ಇವನ ತಲೆಗೆ ಬಂತು.

ಅಸಲಿ ಸಾಹಸ ಇಲ್ಲಿಂದ ಶುರು ಅನ್ನೋದು ನನ್ನ ಅಭಿಪ್ರಾಯ. ಸೈಕಲ್, ಮಳೆ ಕೋಟು ಎಲ್ಲ ಗಿರವಿ ಅಂಗಡಿ ಸೇರಿದವು. ದಿನವಿಡೀ ಬರೆದ. ಪತ್ರಿಕೆಗಳು ನೂರಾರು ಸಲ ಕಥೆ ವಾಪಸ್ ಕಳಿಸಿದವು. ಅಂಚೆ ಇಲಾಖೆಯ ಪರೀಕ್ಷೆ ಪಾಸಾಗಿ ಕೆಲಸವೂ ಸಿಕ್ಕಿತ್ತು, ಬೇಡ ಅಂದ. (ಸರ್ಕಾರಿ ಕೆಲಸ! ನಮ್ಮಮ್ಮ ಆಗಿದ್ದರೆ ಊಟ ಬಿಡುತ್ತಿದ್ದರು.) ಕ್ಲಾಂಡೈಕ್ ಕಥೆಗೆ ಒಂದು ಮಾಸಪತ್ರಿಕೆ 5 ಡಾಲರ್ ಕೊಡುತ್ತೇವೆ ಅಂದಿತು. ಸದ್ಯ, ಇನ್ನೊಂದು ಪತ್ರಿಕೆ ಬೇರೆ ಕಥೆಗೆ 40 ಡಾಲರ್ ಕೊಟ್ಟು ಕಾಪಾಡಿತು. 1903ರಲ್ಲಿ 'ದ ಕಾಲ್ ಆಫ್ ದ ವೈಲ್ಡ್' ಕಾದಂಬರಿ ಬಂತು. ಪ್ರಕಾಶಕರಿಗೆ ಅದರ ಪೂರ್ತಿ ಹಕ್ಕನ್ನು 2,000 ಡಾಲರ್‌ಗೆ ಮಾರಿಬಿಟ್ಟ. ಪುಸ್ತಕ ಭರ್ಜರಿಯಾಗಿ ಖರ್ಚಾಯಿತು. ಇವನಿಗೆ ರಾಯಲ್ಟಿ ಇಲ್ಲ. ಆದರೆ ಹೆಸರು ಬಂತು, ಮುಂದಿನ ಪುಸ್ತಕಗಳಿಗೆ ಒಳ್ಳೆಯ ಬೆಲೆ ಬಂತು.

ಅಲ್ಲಿಂದ ಮುಂದೆ ಸಾಹಸದ ಖರ್ಚನ್ನು ಬರವಣಿಗೆ ಹೊತ್ತಿತು. 'ಸ್ನಾರ್ಕ್' ಅನ್ನೋ ಹಡಗು ಕಟ್ಟಿಸಲು ಅಂದಾಜು ಹಾಕಿದ್ದು 7,000 ಡಾಲರ್, ಆಗಿದ್ದು 30,000. ನಮ್ಮೂರಲ್ಲಿ ಮನೆ ಕಟ್ಟಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಳು ವರ್ಷ ಭೂಮಿ ಸುತ್ತುತ್ತೇನೆ ಅಂತ 1907ರಲ್ಲಿ ಹೊರಟ. ಹಡಗು ಸೋರುತ್ತಿತ್ತು. ನಕ್ಷೆ ನೋಡಿ ಹಡಗು ನಡೆಸೋದನ್ನು ಸಮುದ್ರದ ಮೇಲೇ ಪುಸ್ತಕ ಓದಿ ಕಲಿತ. ಹವಾಯಿಯಲ್ಲಿ ಹಲಗೆ ಮೇಲೆ ಅಲೆ ಸವಾರಿ ಮಾಡಲು ಹೋಗಿ ಬಿಸಿಲಿಗೆ ಮೈ ಸುಟ್ಟುಕೊಂಡು ಮಲಗಿದ. ಸೊಲೊಮನ್ ದ್ವೀಪಗಳ ಹೊತ್ತಿಗೆ ಜ್ವರ, ಹುಣ್ಣು, ಕೈ ಚರ್ಮ ಸುಲಿಯುವ ಕಾಯಿಲೆ. ಕೊನೆಗೆ ಸಿಡ್ನಿಯ ಆಸ್ಪತ್ರೆ. ಯಾತ್ರೆ ಅರ್ಧಕ್ಕೇ ನಿಂತಿತು. ಆದರೂ ದಿನಕ್ಕೆ 1,000 ಪದ ಬರೆಯುವ ಅಭ್ಯಾಸ ಬಿಟ್ಟಿರಲಿಲ್ಲ. 'ಮಾರ್ಟಿನ್ ಈಡನ್' ಕಾದಂಬರಿ ಬರೆದಿದ್ದು ಆ ಯಾತ್ರೆಯಲ್ಲೇ. ಅದರಲ್ಲಿರೋದು ದ್ವೀಪಗಳ ಕಥೆ ಅಲ್ಲ. ಓಕ್‌ಲ್ಯಾಂಡಿನ ಬಾಡಿಗೆ ಕೋಣೆಯಲ್ಲಿ ಕೂತು, ವಾಪಸ್ ಬರುವ ಲಕೋಟೆ ಎಣಿಸುವ ಹುಡುಗನ ಕಥೆ. ಅಂದರೆ ನಿಮ್ಮಂಥವನದು.

ಹಾಗಾಗಿ ರಾಜೀನಾಮೆ ಈಗಲೇ ಬೇಡ. ಚಳಿಗಾಲದ ಆ ಗುಡಿಸಲಲ್ಲಿ ಅವನು ಚಿನ್ನ ಅಗೆದದ್ದಕ್ಕಿಂತ ಜಾಸ್ತಿ ಕೂತು ಬೇರೆಯವರ ಕಥೆ ಕೇಳಿದ್ದ. ನಿಮ್ಮ ಪಿಜಿಯಲ್ಲಿ ಎಷ್ಟು ಊರಿನ ಹುಡುಗರಿದ್ದಾರೆ? ಅಡುಗೆಯವರು ಯಾವ ಜಿಲ್ಲೆಯವರು? ಯಾರು ಮನೆಗೆ ಫೋನ್ ಮಾಡೋದು ನಿಲ್ಲಿಸಿದ್ದಾರೆ? ಮೊದಲು ಅದನ್ನು ಬರೀರಿ. ದಿನಕ್ಕೆ ಸಾವಿರ ಪದ ಆಗದಿದ್ದರೆ ಮುನ್ನೂರು. ಸುತ್ತಲೇಬೇಕು ಅನಿಸಿದರೆ ಸುತ್ತಿ, ಆದರೆ ಅಕ್ಕನ ಮನೆ ಅಡವಿಡಿಸಬೇಡಿ.

ಪ್ರಶ್ನೆ: ಅವನು ಆತ್ಮಹತ್ಯೆ ಮಾಡಿಕೊಂಡ ಅಂತ ಎಲ್ಲೋ ಓದಿದ್ದೆ. ನಿಜವೇ?
— ಓದುಗರು, ರಾಜಾಜಿನಗರ

ಉತ್ತರ: ಅದಕ್ಕೆ ಗಟ್ಟಿ ಆಧಾರ ಇಲ್ಲ. 1916ರ ನವೆಂಬರ್ 22ರಂದು ಕ್ಯಾಲಿಫೋರ್ನಿಯಾದ ಗ್ಲೆನ್ ಎಲೆನ್‌ನ ತನ್ನ ತೋಟದಲ್ಲಿ ತೀರಿಕೊಂಡ. ಬರೀ 40 ವರ್ಷ. ಕಿಡ್ನಿ ಕೆಟ್ಟಿತ್ತು, ನೋವಿಗೆ ಮಾರ್ಫಿನ್ ತಗೊಳ್ಳುತ್ತಿದ್ದ, ಕುಡಿತವೂ ಹಳೆಯದು. ಮರಣ ಪತ್ರದಲ್ಲಿ ಇರೋದು ಕಿಡ್ನಿಯ ಕಾರಣವೇ. ಅದಕ್ಕೆ ಮೂರು ವರ್ಷ ಮುಂಚೆ, ಅವನು ಕಟ್ಟಿಸಿದ ಕಲ್ಲಿನ ದೊಡ್ಡ ಮನೆ ವುಲ್ಫ್ ಹೌಸ್ ಇನ್ನೇನು ವಾಸಕ್ಕೆ ಹೋಗಬೇಕು ಅನ್ನುವಾಗ ರಾತ್ರೋರಾತ್ರಿ ಸುಟ್ಟುಹೋಯಿತು. ಯಾರೋ ಬೆಂಕಿ ಇಟ್ಟರು ಅಂತಲೇ ಬಹಳ ಕಾಲ ಜನ ಮಾತಾಡಿಕೊಂಡರು. 1995ರಲ್ಲಿ ತಜ್ಞರು ಗೋಡೆಗಳನ್ನು ಪರೀಕ್ಷಿಸಿ, ಮರಕ್ಕೆ ಎಣ್ಣೆ ಹಚ್ಚಿದ ಬಟ್ಟೆಗಳು ತಾವಾಗಿಯೇ ಹೊತ್ತಿಕೊಂಡಿರಬೇಕು ಅಂದರು. ಇಲ್ಲೂ ಹಾಗೇ, ಸಾದಾ ಕಾರಣ ಜನಕ್ಕೆ ರುಚಿಸೋದಿಲ್ಲ.

ಪ್ರಶ್ನೆ: ಮಗಳು ಎಂಟನೇ ಕ್ಲಾಸು. ಜಾಕ್ ಲಂಡನ್‌ನ ಓದು ಯಾವುದರಿಂದ ಶುರು ಮಾಡಿಸಲಿ?
— ಒಬ್ಬ ತಾಯಿ, ಬನಶಂಕರಿ

ಉತ್ತರ: 'ಟು ಬಿಲ್ಡ್ ಎ ಫೈರ್' ಅನ್ನೋ ಕಥೆಯಿಂದ. ಒಬ್ಬ ಮನುಷ್ಯ, ಒಂದು ನಾಯಿ, ಉಗುಳು ಗಾಳಿಯಲ್ಲೇ ಹೆಪ್ಪುಗಟ್ಟುವ ಚಳಿ. ಡಿಸೆಂಬರ್‌ನಲ್ಲಿ ಮಂಕಿ ಕ್ಯಾಪ್ ಹಾಕುವ ನಮಗೆ ಆ ಚಳಿ ಊಹೆಗೂ ಸಿಗದು, ಆದರೆ ಕಥೆ ಓದುವಾಗ ಬೆರಳು ಮರಗಟ್ಟುತ್ತೆ. ಆಮೇಲೆ 'ದ ಕಾಲ್ ಆಫ್ ದ ವೈಲ್ಡ್'. ಅವನ ಕೆಲವು ಬರಹಗಳಲ್ಲಿ ಬಿಳಿಯರೇ ಮೇಲು ಅನ್ನೋ ಧೋರಣೆ ಇದೆ. ಅದನ್ನು ಮಗಳ ಜೊತೆ ಕೂತು ಮಾತಾಡಿ. ಅವೆನ್ಯೂ ರಸ್ತೆಯಲ್ಲಿ ಹಳೇ ಪ್ರತಿ ಸಿಗಬಹುದು. ಕೊಳ್ಳುವಾಗ ಮಕ್ಕಳಿಗಾಗಿ ಸಂಕ್ಷಿಪ್ತ ಮಾಡಿದ್ದೋ ಅಂತ ಒಳಪುಟ ನೋಡಿ. ಮೂಲವೇ ಸಣ್ಣ ಪುಸ್ತಕ, ಅದನ್ನು ಇನ್ನೂ ಕತ್ತರಿಸಿದವರಿಗೆ ಯಾಕೆ ದುಡ್ಡು ಕೊಡಬೇಕು?