ಸಾವಿರ ಗ್ರಹಗಳಿದ್ದರೂ ಸುತ್ತುವ ಆಸೆ ಬತ್ತುವುದೇಕೆ?

ಪ್ರಶ್ನೆ: 'ಸ್ಕೈರಿಮ್' ಎಂಬ ವಿಡಿಯೊ ಆಟವನ್ನು ವರ್ಷಗಟ್ಟಲೆ ಆಡಿದವನು ನಾನು. ಅದೇ ಬೆಥೆಸ್ಡಾ ಸಂಸ್ಥೆಯ 'ಸ್ಟಾರ್‌ಫೀಲ್ಡ್'ನಲ್ಲಿ ಸಾವಿರಕ್ಕೂ ಹೆಚ್ಚು ಗ್ರಹಗಳಿದ್ದರೂ ಕೆಲವೇ ದಿನಗಳಲ್ಲಿ ಸುತ್ತಾಡುವ ಆಸೆ ಬತ್ತಿಹೋಯಿತು. ನನ್ನ ನಿರೀಕ್ಷೆಯೇ ಅತಿಯಾಯಿತೇ?
– ಓದುಗರು, ಶಿವಮೊಗ್ಗ

ಉತ್ತರ: ಅತಿಯಾಗಲಿಲ್ಲ, ಆ ನಿರೀಕ್ಷೆಯನ್ನು ನಿಮ್ಮಲ್ಲಿ ಬೆಳೆಸಿದ್ದೇ ಆ ಸಂಸ್ಥೆಯ ಹಿಂದಿನ ಆಟ. 2011ರ ಸ್ಕೈರಿಮ್‌ನಲ್ಲಿ ದೂರದ ಬೆಟ್ಟವೊಂದನ್ನು ಗುರಿಯಾಗಿಟ್ಟುಕೊಂಡು ಹೊರಟರೆ, ಅಲ್ಲಿಗೆ ತಲುಪುವ ಮೊದಲೇ ಗುಹೆಯೊಂದೋ ಪಾಳುಬಿದ್ದ ಕೋಟೆಯೊಂದೋ ಅಡ್ಡದಾರಿಗೆ ಎಳೆದು, ಹೊರಟ ಕೆಲಸವೇ ಮರೆತುಹೋಗುತ್ತಿತ್ತು. ಅನ್ವೇಷಣೆಯ ಸುಖವೆಲ್ಲ ಆ ನಡುವಿನ ದಾರಿಯಲ್ಲಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದಾಗ ಸ್ಟಾರ್‌ಫೀಲ್ಡ್‌ನಲ್ಲಿ ಇಲ್ಲದೇ ಹೋದದ್ದು ಆ ದಾರಿಯೇ. ನಕ್ಷೆ ತೆರೆದು, ಗ್ರಹವನ್ನು ಆರಿಸಿ, ಇಳಿಯುವ ಜಾಗವನ್ನು ಗುರುತಿಸಿದರೆ, ಲೋಡಿಂಗ್ ಮುಗಿಯುವಷ್ಟರಲ್ಲಿ ನಾವು ನೆಲದ ಮೇಲಿರುತ್ತಿದ್ದೆವು. ನೌಕೆಯನ್ನು ನಾವೇ ನಡೆಸಿಕೊಂಡು ಬಾನಿನಿಂದ ನೆಲಕ್ಕಿಳಿಸುವ ಅವಕಾಶವಿರಲಿಲ್ಲ.

ಗ್ರಹಗಳು ಬರಡಾಗಿವೆಯೆಂಬ ದೂರನ್ನು ನಾನು ಒಪ್ಪುವುದಿಲ್ಲ. ನಮ್ಮ ಚಂದ್ರನೂ ಬರಡೇ. ಆಟದಲ್ಲಿ ಅದರ ಮೇಲೆ ನಿಂತು ಭೂಮಿಯತ್ತ ನೋಡುವಾಗ ಆ ನಿರ್ಜನತೆಯೇ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ಬೇಸರ ಹುಟ್ಟುವುದು ಪುನರಾವರ್ತನೆಯಿಂದ. ನೆಲವನ್ನು ಕಂಪ್ಯೂಟರ್ ಸೂತ್ರಗಳ ಪ್ರಕಾರ ರಚಿಸಿ, ಮೊದಲೇ ಸಿದ್ಧಪಡಿಸಿದ ಕಟ್ಟಡಗಳನ್ನು ಅದರ ಮೇಲೆ ಹರಡುವುದರಿಂದ, ಒಂದು ಗ್ರಹದಲ್ಲಿ ಕಂಡ ಪ್ರಯೋಗಾಲಯವು ಕೊಠಡಿಗಳ ಜೋಡಣೆ ಕೂಡ ಬದಲಾಗದೆ ಮತ್ತೊಂದು ನಕ್ಷತ್ರದ ಗ್ರಹದಲ್ಲೂ ಎದುರಾಗುತ್ತದೆ. ಒಮ್ಮೆ ಹಾಗಾದರೆ ಸಾಕು, ದಿಗಂತದಲ್ಲಿ ಕಾಣುವ ಯಾವ ಕಟ್ಟಡವೂ ಕುತೂಹಲ ಕೆರಳಿಸುವುದಿಲ್ಲ. 2024ರ ಆಗಸ್ಟ್‌ನಲ್ಲಿ ಓಡಾಟಕ್ಕೆಂದು ಕೊಟ್ಟ ವಾಹನವು ದೂರವನ್ನು ಕಡಿಮೆ ಮಾಡಿತೇ ಹೊರತು ಈ ಕೊರತೆಯನ್ನು ನೀಗಲಿಲ್ಲ.

ಸಂಖ್ಯೆಯಿಂದ ವಿಸ್ಮಯ ಹುಟ್ಟುವುದಿಲ್ಲವೆಂಬುದು 2016ರಲ್ಲಿ, 18ರ ಮುಂದೆ 18 ಸೊನ್ನೆಗಳಷ್ಟು ಗ್ರಹಗಳೊಂದಿಗೆ 'ನೋ ಮ್ಯಾನ್ಸ್ ಸ್ಕೈ' ಬಂದಾಗಲೇ ಕಂಡಿತ್ತು. ವರ್ಷಗಳ ಕಾಲ ಉಚಿತ ಪರಿಷ್ಕರಣೆಗಳನ್ನು ಕೊಟ್ಟ ಮೇಲೆಯೇ ಅದು ಆಟಗಾರರ ಮನಸ್ಸನ್ನು ಮರಳಿ ಗೆದ್ದದ್ದು. 2019ರ 'ಔಟರ್ ವೈಲ್ಡ್ಸ್' ಇದಕ್ಕೆ ತದ್ವಿರುದ್ಧ. ಅಲ್ಲಿರುವುದು ಬೆರಳೆಣಿಕೆಯ ಪುಟ್ಟ ಗ್ರಹಗಳು, ಆದರೆ ಒಂದರಂತೆ ಇನ್ನೊಂದಿಲ್ಲ, ಮತ್ತು ಒಂದರಲ್ಲಿ ಓದಿದ ಬರಹವು ಇನ್ನೊಂದರ ಒಗಟನ್ನು ಬಿಡಿಸುತ್ತದೆ. ನಿಮ್ಮ ಹಂಬಲಕ್ಕೆ ಅದು ಹತ್ತಿರವಾದೀತು, ದಯವಿಟ್ಟು ಆಡಿ ನೋಡಿ.

ಸ್ಟಾರ್‌ಫೀಲ್ಡನ್ನೂ ಕೈಬಿಡಬೇಡಿ. ಕಂಡ ಗ್ರಹಕ್ಕೆಲ್ಲ ಇಳಿಯುವುದನ್ನು ನಿಲ್ಲಿಸಿ, ನ್ಯೂ ಅಟ್ಲಾಂಟಿಸ್, ಅಕಿಲಾ, ನಿಯಾನ್ ನಗರಗಳಲ್ಲಿ ಜನರನ್ನು ಮಾತನಾಡಿಸುತ್ತ ಅವರ ಕಥೆಗಳ ಬೆನ್ನು ಹತ್ತಿ. 2024ರ ಸೆಪ್ಟೆಂಬರ್‌ನ 'ಶ್ಯಾಟರ್ಡ್ ಸ್ಪೇಸ್' ವಿಸ್ತರಣೆಯು ಒಂದೇ ಗ್ರಹದ ಒಂದೇ ಪ್ರದೇಶದಲ್ಲಿ ನಡೆಯುತ್ತದೆ. ಅಲ್ಲಿ ನಡೆದೇ ಹೋಗಿ.