ಗೇಟ್ ಎತ್ತದೆ ಸುಮ್ನಿದ್ದರೆ?

ಪ್ರಶ್ನೆ: ಕಾವೇರಿ ಹುಟ್ಟುವುದು ನಮ್ಮ ಕೊಡಗಿನಲ್ಲಿ. ಕನ್ನಂಬಾಡಿ ಕಟ್ಟೆ ನಮ್ಮದು. ಮೈಸೂರು, ಮದ್ರಾಸು ಸರ್ಕಾರಗಳ ನಡುವಿನ 1924ರ ಒಪ್ಪಂದ ಮುಗಿದು ಎಷ್ಟೋ ಕಾಲವಾಯಿತು. ನಮ್ಮ ನಾಲೆಗೇ ಕಟ್ಟು ನೀರು (ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ) ಬಿಡುವ ವರ್ಷದಲ್ಲೂ ಕೆಳಗಿನ ತಮಿಳುನಾಡಿನವರಿಗೆ ಬಿಡಿ ಎನ್ನಲು ಕೋರ್ಟ್ ಯಾರು? ಗೇಟ್ ಎತ್ತದೆ ಸುಮ್ನಿದ್ದರೆ ಏನಾಗುತ್ತದೆ?
– ಮಳವಳ್ಳಿ ಕಡೆಯ ಓದುಗರು

ಉತ್ತರ: ಸುಮ್ನಿದ್ದು ನೋಡಿದ್ದೇವೆ ಸ್ವಾಮಿ. 1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಬಿಡಿ ಎಂದು ಮಧ್ಯಂತರ ಆದೇಶ ಕೊಟ್ಟಿತು. ಬಂಗಾರಪ್ಪನವರ ಸರ್ಕಾರ ಮುಂದಿನ ತಿಂಗಳೇ ಸುಗ್ರೀವಾಜ್ಞೆ ತಂದು ಅದನ್ನು ಬದಿಗೆ ಸರಿಸಿತು. ಜನ ಚಪ್ಪಾಳೆ ತಟ್ಟಿದರು. ನವೆಂಬರ್ ಹೊತ್ತಿಗೆ ಸುಪ್ರೀಂ ಕೋರ್ಟ್ ಆ ಸುಗ್ರೀವಾಜ್ಞೆ ಸಂವಿಧಾನಕ್ಕೆ ವಿರುದ್ಧ ಎಂದಿತು. ಡಿಸೆಂಬರ್‌ನಲ್ಲಿ ಬೆಂಗಳೂರು ಹೊತ್ತಿ ಉರಿಯಿತು. ನೀರು ಮಾತ್ರ ಒಂದು ಕೊಡವೂ ಜಾಸ್ತಿ ಸಿಗಲಿಲ್ಲ.

1924ರ ಒಪ್ಪಂದದ ವಿಷಯದಲ್ಲಿ ನಿಮ್ಮ ಮಾತು ಅರ್ಧ ಸರಿ. 50 ವರ್ಷ ಮುಗಿದು 1974ಕ್ಕೇ ಅದು ತೀರಿತು ಎಂದು 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಒಪ್ಪಿದೆ. ಆದರೆ ಒಪ್ಪಂದ ತೀರಿದರೆ ಹೊಳೆ ನಮ್ಮೊಬ್ಬರದೇ ಆಗುವುದಿಲ್ಲ, ಎರಡು ರಾಜ್ಯದಲ್ಲಿ ಹರಿಯುವ ನದಿಗೆ ಯಾರೂ ಒಡೆಯರಲ್ಲ ಎಂದೂ ಹೇಳಿದೆ. ಇದು ನಮಗೆ ಬೇಡದ ಮಾತೇನಲ್ಲ. ಕೃಷ್ಣೆ ಹುಟ್ಟುವುದು ಮಹಾರಾಷ್ಟ್ರದ ಮಹಾಬಲೇಶ್ವರದಲ್ಲಿ. ಬೇಸಿಗೆಯಲ್ಲಿ ಬಾಗಲಕೋಟೆ, ವಿಜಯಪುರದ ಕಡೆ ಹೊಳೆ ಒಣಗಿದಾಗ ಕೊಯ್ನಾದಿಂದ ನೀರು ಬಿಡಿ ಎಂದು ಕೇಳುವವರು ನಾವೇ. 'ನಮ್ಮಲ್ಲಿ ಹುಟ್ಟಿದ್ದು, ಬಿಡಲ್ಲ' ಎಂದು ಅವರೂ ಅನ್ನಬಹುದಲ್ವಾ?

ಅದೇ ತೀರ್ಪಿನಿಂದ ನಮಗೆ ಲಾಭವೂ ಆಯಿತು. 2007ರಲ್ಲಿ ನ್ಯಾಯಮಂಡಳಿ ನಮಗೆ 270 ಟಿಎಂಸಿ ಹಂಚಿತ್ತು. ಸುಪ್ರೀಂ ಕೋರ್ಟ್ 14.75 ಸೇರಿಸಿತು. ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ನಾವು ಬಿಡಬೇಕಾದ್ದು 192ರಿಂದ 177.25ಕ್ಕೆ ಇಳಿಯಿತು. ಒಂದು ಟಿಎಂಸಿ ಅಂದರೆ ಸುಮಾರು 11,574 ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ನೀರು ಇಡೀ ಒಂದು ದಿನ ಹರಿದಷ್ಟು.

ಈ ಲೆಕ್ಕ ಹಿಡಿಯುವುದು ಕನ್ನಂಬಾಡಿಯ ಗೇಟಿನಲ್ಲಲ್ಲ, ಗಡಿಯ ಬಿಳಿಗುಂಡ್ಲುವಿನಲ್ಲಿ. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಅಲ್ಲಿದೆ. ಕಟ್ಟೆಯ ಕೆಳಗೆ ಬಿದ್ದ ಮಳೆ, ಶಿಂಷಾ, ಅರ್ಕಾವತಿ ಎಲ್ಲ ಅಲ್ಲಿ ನಮ್ಮ ಖಾತೆಗೆ ಜಮಾ. ವೃಷಭಾವತಿ ಹೊತ್ತು ತರುವ ಬೆಂಗಳೂರಿನ ಕೊಳಚೆಯೂ ಅರ್ಕಾವತಿ ಸೇರಿ ಅದರಲ್ಲೇ ಹೋಗುತ್ತದೆ ಅನ್ನಿ!

ನನ್ನ ತಕರಾರು ಇರುವುದು ಬೇರೆ ಕಡೆ. ಹಂಚಿಕೆಯ ಬುಡದಲ್ಲಿರುವ ಲೆಕ್ಕ ಇಡೀ ಕಾವೇರಿ ಕಣಿವೆಗೆ 740 ಟಿಎಂಸಿ. ಅದು ಎರಡು ವರ್ಷಕ್ಕೆ ಒಂದು ವರ್ಷ ಸಿಗಬಹುದಾದ ನೀರು. ಸಿಗದ ವರ್ಷ ಏನು ಮಾಡಬೇಕು? ಕೊರತೆಯನ್ನು ಪಾಲಿಗೆ ತಕ್ಕಂತೆ ಎಲ್ಲರೂ ಹಂಚಿಕೊಳ್ಳಿ ಎಂದಿದೆ ನ್ಯಾಯಮಂಡಳಿ. ಹೇಗೆ ಎಂದು ಬಿಡಿಸಿ ಹೇಳಿಲ್ಲ. ಮಳೆ ಯಾವ ತಾರೀಖಿನವರೆಗೆ ನೋಡಬೇಕು, ತಮಿಳುನಾಡಿನ ಮೆಟ್ಟೂರು ಅಣೆಕಟ್ಟೆಯಲ್ಲಿ ಆಗಲೇ ಇರುವ ನೀರನ್ನು ಎಷ್ಟು ಎಣಿಸಬೇಕು, ಈಶಾನ್ಯ ಮಾರುತದ ಮಳೆ ಅವರಿಗೆ ಬರುತ್ತದಲ್ಲ, ಅದರ ಲೆಕ್ಕ ಏನು? ಇದು ಇತ್ಯರ್ಥವಾಗದ್ದಕ್ಕೇ 2012, 2016, 2023ರಲ್ಲಿ ಅದೇ ಜಗಳ. 2023ರ ಸೆಪ್ಟೆಂಬರ್‌ನಲ್ಲಿ ಹದಿನೈದು ದಿನ 5,000 ಕ್ಯುಸೆಕ್ ಬಿಡಿ ಎಂದು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಹೇಳಿದಾಗ ಸುಪ್ರೀಂ ಕೋರ್ಟ್ ನಡುವೆ ಬರಲಿಲ್ಲ. ಆಮೇಲೆ ವಾರದಲ್ಲಿ ಎರಡು ಬಂದ್.

ಕಟ್ಟು ನೀರಿನ ಮಾತು ನೀವೇ ಎತ್ತಿದ್ದೀರಿ. ಕನ್ನಂಬಾಡಿಯಿಂದ ಹೊರಡುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಮೇಲ್ಭಾಗದವರು ತೂಬು ಮುಚ್ಚದಿದ್ದರೆ ಕೊನೆ ಭಾಗದ ಮಳವಳ್ಳಿಗೆ ನೀರು ಬರುತ್ತದೆಯೇ? ಅದಕ್ಕೇ ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು ಎಂದು ಮೊದಲೇ ತಾರೀಖು ಗೊತ್ತು ಮಾಡುತ್ತಾರೆ. ಬೈಯುತ್ತಲೇ ಆದರೂ ನೀವು ಭತ್ತದ ಒಟ್ಲು (ಸಸಿಮಡಿ) ಹಾಕುವುದು ಆ ತಾರೀಖು ನೋಡಿಕೊಂಡೇ. ಎರಡು ರಾಜ್ಯಗಳ ನಡುವೆ ಬರಗಾಲದ ವರ್ಷಕ್ಕೆ ಅಂಥದೊಂದು ತಾರೀಖಿನ ಪಟ್ಟಿ ಇಲ್ಲ. ನಮ್ಮ ವಕೀಲರು ದೆಹಲಿಯಲ್ಲಿ ಪಟ್ಟು ಹಿಡಿದು ಕೇಳಬೇಕಾದ್ದು ಅದನ್ನು. ಅದೂ ಒಳ್ಳೆ ಮಳೆಯಾಗಿ ಕಟ್ಟೆ 124.80 ಅಡಿ ತುಂಬಿ ನಿಂತಿರುವಾಗ.
– ಸಂ.